ಒಂದೇ ಟ್ಯೂನ್, ನಲವತ್ತು ಗಂಟೆ: ಗೇಮ್ ಸಂಗೀತವನ್ನು ಅಳೆಯುವುದು ಹೇಗೆ?

ಪ್ರಶ್ನೆ: ಮೇಡಂ, ನನಗೆ 26 ವರ್ಷ, ಹಾಸನದಲ್ಲಿ ಕೆಲಸ. ನಮ್ಮದು ಏಳೆಂಟು ಗೆಳೆಯರ ಬಳಗ. ತಿಂಗಳಿಗೊಮ್ಮೆ ಸೇರುತ್ತೇವೆ. ಆಡಿ ಮುಗಿಸಿದ ಒಂದು ಗೇಮ್ ಬಗ್ಗೆ ಒಬ್ಬರು ಮಾತಾಡಬೇಕು. ಈ ಸಲ ನನ್ನ ಸರದಿ. ಜಪಾನಿನ ಹಳೆಯ ರೋಲ್ ಪ್ಲೇಯಿಂಗ್ ಗೇಮ್ ‘ಫೈನಲ್ ಫ್ಯಾಂಟಸಿ 6’ರ ಸಂಗೀತದ ಬಗ್ಗೆ ಮಾತಾಡುತ್ತೇನೆ ಅಂತ ಒಪ್ಪಿಕೊಂಡಿದ್ದೇನೆ. ಸ್ವಿಚ್‌ನಲ್ಲಿ ಅದರ ಹೊಸ ಆವೃತ್ತಿ ‘ಪಿಕ್ಸೆಲ್ ರೀಮಾಸ್ಟರ್’ ಆಡಿ ಮುಗಿಸಿದೆ. ಆಡುವಾಗ ಎರಡು ಕಡೆ ನನಗೆ ಕಣ್ಣಲ್ಲಿ ನೀರು ಬಂತು. ಆಮೇಲೆ ಅದೇ ಟ್ರ್ಯಾಕ್‌ಗಳನ್ನು ಬಸ್ಸಿನಲ್ಲಿ ಇಯರ್‌ಫೋನ್ ಹಾಕಿ ಕೇಳಿದರೆ ಅರ್ಧಕ್ಕರ್ಧ ಬೋರ್ ಹೊಡೆಸಿದವು. ನನ್ನ ಗೆಳೆಯ ಹೇಳುವುದು ಬೇರೆ. “ಅದೇ ಟ್ಯೂನ್ ಸುತ್ತಿ ಸುತ್ತಿ ಬರುತ್ತೆ. ಹಳೇ ಕಾಲದ ಕೀಂ ಕೀಂ ಸದ್ದು. ಚಿಕ್ಕಂದಿನಲ್ಲಿ ಆಡಿದವರು ಸುಮ್ನೆ ನೆನಪಿಗೆ ಹೊಗಳ್ತಾರೆ” ಅಂತಾನೆ. ನಾನು ಕರ್ನಾಟಕ ಸಂಗೀತ ಜೂನಿಯರ್ ಪಾಸಾಗಿದ್ದೇನೆ. ಪಾಶ್ಚಾತ್ಯ ಸಂಗೀತ ಗೊತ್ತಿಲ್ಲ. ನನ್ನಂಥವನು ಇದನ್ನು ಅಳೆಯಬಹುದಾ? ಹಳೆಯ ಸದ್ದು ಕೇಳಿ ಹೇಳಬೇಕಾ, ಹೊಸ ವಾದ್ಯಮೇಳದ್ದಾ? ಹತ್ತಕ್ಕೆ ಎಷ್ಟು ಕೊಡಲಿ?

ಉತ್ತರ: ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ನೀವು ಕೇಳಿರುವುದು ಮೂರು ಪ್ರಶ್ನೆ. ಅವುಗಳ ಕೆಳಗಿರುವ ಆತಂಕ ಮಾತ್ರ ಒಂದೇ. ಆಡುವಾಗ ಕಣ್ಣೀರು ತರಿಸಿದ್ದು ಬಸ್ಸಿನಲ್ಲಿ ಬೋರ್ ಆಯಿತು. ಹಾಗಾದರೆ ಇವೆರಡರಲ್ಲಿ ಸುಳ್ಳು ಯಾವುದು ಅಂತ ನಿಮಗೆ ಅನುಮಾನ ಬಂದಿದೆ, ಅಲ್ವಾ?

ಎರಡೂ ನಿಜ. ನಾನು ಬೆಂಗಳೂರಿನಲ್ಲಿ ಹದಿನೈದು ವರ್ಷದಿಂದ ಗೇಮ್‌ಗಳಿಗೆ ಸದ್ದು ಮತ್ತು ಸಂಗೀತ ಕೂಡಿಸುವ ಕೆಲಸ ಮಾಡುತ್ತಿದ್ದೇನೆ. ಬಸ್ಸಿನಲ್ಲಿ ಬೋರ್ ಆಗುವುದನ್ನು ನಾನು ಆ ಸಂಗೀತದ ದೋಷ ಎಂದು ಎಣಿಸುವುದಿಲ್ಲ. ಗೇಮ್‌ನ ಸಂಗೀತವನ್ನು ಅದು ಇರುವ ಜಾಗದಲ್ಲೇ ಕೇಳಿ ಅಳೆಯಬೇಕು. ಆ ಮೆಟ್ಟಿಲು, ಆ ಹಿಮ, ಆ ಸೋಲು ಇವೆಲ್ಲ ಅದರ ಜೊತೆಗಿರಬೇಕು. ನಾನು ಬೆಳೆದದ್ದು ಹೊನ್ನಾವರದ ಕಡೆ. ಯಕ್ಷಗಾನದ ಆಟ ನೋಡುತ್ತಾ ಅರೆನಿದ್ದೆಯಲ್ಲಿದ್ದರೂ ಚಂಡೆಯ ಅಬ್ಬರ ಕೇಳಿದರೆ ಸಾಕು, ಬಣ್ಣದ ವೇಷ ಬರುತ್ತಿದೆ ಅಂತ ಮೈ ಎಚ್ಚರವಾಗುತ್ತಿತ್ತು. ಆ ಚಂಡೆಯನ್ನು ಮಾತ್ರ ರೆಕಾರ್ಡ್ ಮಾಡಿ ಮರುದಿನ ಆಫೀಸಿಗೆ ಹೋಗುವಾಗ ಕೇಳಿದರೆ ಏನು ಉಳಿಯುತ್ತದೆ? ಏನೋ ಉಳಿಯುತ್ತದೆ, ನಿಜ. ಆದರೆ ವೇಷ ಬರುವುದಿಲ್ಲ.

ಈಗ ನಿಮ್ಮ ಗೆಳೆಯರ ಮಾತಿಗೆ ಬರೋಣ. ಅದರಲ್ಲಿ ಸರಿಯೂ ಇದೆ, ತಪ್ಪೂ ಇದೆ.

ಮೊದಲು “ಕೀಂ ಕೀಂ”. ಇಲ್ಲಿ ಎರಡು ಯಂತ್ರಗಳು ಕಲೆಸಿಹೋಗಿವೆ. 1983ರಲ್ಲಿ ಬಂದ ನಿಂಟೆಂಡೊ ಕಂಪನಿಯ ಗೇಮ್ ಯಂತ್ರ ಫ್ಯಾಮಿಕಾಂನಲ್ಲಿ ಸದ್ದಿಗೆ ಐದು ದಾರಿಗಳಿದ್ದವು (ಚಾನೆಲ್). ಅವುಗಳಲ್ಲಿ ನಾಲ್ಕು ಬರೀ ಸರಳ ಅಲೆ ಮತ್ತು ಗರಗರ ಸದ್ದು ಹುಟ್ಟಿಸುತ್ತಿದ್ದವು. ನಮ್ಮ ಊರುಗಳಲ್ಲಿ ಟಿವಿಗೆ ಸಿಕ್ಕಿಸಿ ಮಾರಿಯೋ, ಕಾಂಟ್ರಾ ಆಡುತ್ತಿದ್ದ ‘ವಿಡಿಯೋ ಗೇಮ್’ ಪೆಟ್ಟಿಗೆಗಳು ಇದರದೇ ನಕಲು. ಕೀಂ ಕೀಂ ಅಂದರೆ ಅದು. ಫೈನಲ್ ಫ್ಯಾಂಟಸಿ 6 ಬಂದದ್ದು 1994ರ ಏಪ್ರಿಲ್‌ನಲ್ಲಿ, ಅದರ ಮುಂದಿನ ಯಂತ್ರ ಸೂಪರ್ ಫ್ಯಾಮಿಕಾಂ ಮೇಲೆ. ಇದರ ಸದ್ದಿನ ಚಿಪ್ ಸೋನಿಯದು. ಅದನ್ನು ರೂಪಿಸಿದವರು ಕೆನ್ ಕುತರಾಗಿ, ಮುಂದೆ ಪ್ಲೇಸ್ಟೇಷನ್ ತಂದವರು. ಈ ಚಿಪ್ ಅಲೆ ಹುಟ್ಟಿಸುವುದಿಲ್ಲ. ನಿಜವಾದ ವಾದ್ಯದ ಚಿಕ್ಕ ಚೂರನ್ನು ಇಟ್ಟುಕೊಂಡು, ಅದನ್ನೇ ಎತ್ತರಿಸಿ ತಗ್ಗಿಸಿ ನುಡಿಸುತ್ತದೆ. ಒಂದೇ ಹೊತ್ತಿಗೆ ಎಂಟು ದನಿ. ಹೊಡೆತದ ಸದ್ದು, ಬಾಗಿಲಿನ ಸದ್ದು ಬಂದರೆ ಅವಕ್ಕೂ ಇದೇ ಎಂಟರಲ್ಲಿ ಜಾಗ ಬಿಡಬೇಕು.

ಚೂರು ಎಷ್ಟು ಚಿಕ್ಕದು ಅಂತ ಹೇಳುತ್ತೇನೆ. ಸದ್ದಿಗೆ ಇದ್ದ ಮೆಮೊರಿ 64 ಕಿಲೋಬೈಟ್. ಸಿಡಿಯಲ್ಲಿರುವ ಗುಣಮಟ್ಟದಲ್ಲಿ ತುಂಬಿದರೆ ಅದರಲ್ಲಿ ಅರ್ಧ ಸೆಕೆಂಡಿನ ಸದ್ದೂ ಹಿಡಿಯುವುದಿಲ್ಲ. ಆ ಜಾಗದಲ್ಲೇ ಪಿಟೀಲು, ಕೊಳಲು, ಡ್ರಮ್, ಆರ್ಗನ್ ಎಲ್ಲ ಕೂರಬೇಕು. ಸ್ವರಗಳ ಪಟ್ಟಿಯೂ ಕೂರಬೇಕು. ಗುಹೆಯಲ್ಲಿ ಮಾರ್ದನಿ ಬೇಕು ಅಂದರೆ ಅದಕ್ಕೂ ಇದೇ 64ರಲ್ಲಿ ಜಾಗ. 16 ಮಿಲಿಸೆಕೆಂಡಿನ ಮಾರ್ದನಿಗೆ 2 ಕಿಲೋಬೈಟ್ ಹೋಗುತ್ತದೆ. ಮಾರ್ದನಿ ಹೆಚ್ಚಿಸಿದರೆ ವಾದ್ಯ ಕಡಿಮೆ, ವಾದ್ಯ ಹೆಚ್ಚಿಸಿದರೆ ಮಾರ್ದನಿ ಕಡಿಮೆ. ಚಿತ್ರ, ಮಾತು, ಸಂಗೀತ ಎಲ್ಲ ಸೇರಿ ಇಡೀ ಗೇಮ್ ಇದ್ದದ್ದು 3 ಮೆಗಾಬೈಟ್. ನಿಮ್ಮ ಫೋನಿನಲ್ಲಿ ತೆಗೆದ ಒಂದು ಫೋಟೋ ಇದಕ್ಕಿಂತ ದೊಡ್ಡದಿರಬಹುದು.

ಇದನ್ನು ಹೇಳಿದ ಕೂಡಲೇ ಕೆಲವರು ಇನ್ನೊಂದು ಬದಿಗೆ ವಾಲುತ್ತಾರೆ. “ಕಟ್ಟುಪಾಡು ಇದ್ದದ್ದಕ್ಕೇ ಸಂಗೀತ ಚೆನ್ನಾಯಿತು” ಅನ್ನುತ್ತಾರೆ. ಅದೂ ಪೂರ್ತಿ ಸರಿಯಲ್ಲ. ಇದೇ ಚಿಪ್ ಮೇಲೆ ನೂರಾರು ಗೇಮ್ ಬಂದವು. ಹೆಚ್ಚಿನವುಗಳ ಸಂಗೀತ ಇವತ್ತು ಯಾರ ಬಾಯಲ್ಲೂ ಇಲ್ಲ. ಕಟ್ಟುಪಾಡು ಮಾಡಿದ್ದು ಇಷ್ಟು: ಸದ್ದಿನ ಗಾತ್ರದಿಂದ ಮರುಳು ಮಾಡುವ ದಾರಿಯನ್ನು ಮುಚ್ಚಿತು. ಆಗ ಟ್ಯೂನೇ ನಿಂತು ಮಾತಾಡಬೇಕಾಯಿತು. ಈ ಗೇಮ್‌ಗೆ ಸಂಗೀತ ಕೊಟ್ಟ ನೊಬುವೊ ಉಯೆಮಾತ್ಸು ಅವರಿಗೆ ಟ್ಯೂನ್ ಬರುತ್ತಿತ್ತು, ಅದು ಅವರ ಶಕ್ತಿ.

“ನೆನಪಿಗೆ ಹೊಗಳ್ತಾರೆ” ಅನ್ನುವುದು ಕೆಲವರ ವಿಷಯದಲ್ಲಿ ನಿಜ. 1994ರಲ್ಲಿ ಜಪಾನಿನಲ್ಲೋ ಅಮೆರಿಕದಲ್ಲೋ ಹತ್ತು ವರ್ಷದ ಮಗುವಾಗಿ ಆಡಿದವರಿಗೆ ಆ ಟ್ಯೂನ್ ಜೊತೆ ಅಮ್ಮನ ಅಡುಗೆಮನೆಯೂ ನೆನಪಾಗುತ್ತದೆ. ಆದರೆ ಸೂಪರ್ ಫ್ಯಾಮಿಕಾಂ ನಮ್ಮ ಕಡೆ ಹೆಚ್ಚು ಮನೆಗಳಿಗೆ ಬರಲೇ ಇಲ್ಲ. ನೀವು ಹುಟ್ಟುವ ಮೊದಲಿನ ಗೇಮ್ ಅದು, ನೀವು ದೊಡ್ಡವರಾದ ಮೇಲೆ ಆಡಿದ್ದೀರಿ. ನಿಮಗೆ ಬಂದ ಕಣ್ಣೀರಿಗೆ ಹಳೆಯ ನೆನಪಿನ ಹಂಗಿಲ್ಲ. ನಿಮ್ಮ ಕಿವಿಯ ಮಾತಿಗೆ ಈ ವಿಷಯದಲ್ಲಿ ನಾನು ಜಾಸ್ತಿ ಬೆಲೆ ಕೊಡುತ್ತೇನೆ.

ಇನ್ನು “ಅದೇ ಟ್ಯೂನ್ ಸುತ್ತಿ ಸುತ್ತಿ”. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ನನ್ನ ಕಸುಬಿನ ಮುಕ್ಕಾಲು ಪಾಲು ಇದೇ. ಸಿನಿಮಾಕ್ಕೆ ಸಂಗೀತ ಮಾಡುವವರಿಗೆ ದೃಶ್ಯದ ಉದ್ದ ಗೊತ್ತಿರುತ್ತದೆ. ನಮಗೆ ಗೊತ್ತಿರುವುದಿಲ್ಲ. ನೀವು ಒಂದು ಊರಿಗೆ ಬಂದು ಎರಡು ನಿಮಿಷದಲ್ಲಿ ಹೊರಡಬಹುದು, ಅಂಗಡಿಯಲ್ಲಿ ಕತ್ತಿ ಆರಿಸುತ್ತಾ ಅರ್ಧ ಗಂಟೆ ನಿಲ್ಲಬಹುದು. ಅದಕ್ಕೇ ಒಂದೆರಡು ನಿಮಿಷದ ಟ್ಯೂನ್ ಕಟ್ಟಿ, ಅದರ ಬಾಲವನ್ನು ತಲೆಗೆ ಸೇರಿಸುತ್ತೇವೆ. ಅದನ್ನೇ ಲೂಪ್ ಅನ್ನುವುದು. ಸುತ್ತುವುದು ತಪ್ಪಲ್ಲ. ಸುತ್ತಿದಾಗ ಸವೆಯುತ್ತದೋ ಬೇರೂರುತ್ತದೋ, ನೋಡಬೇಕಾದ್ದು ಅದು.

ನನ್ನ ಕೈಯಿಂದಲೇ ಆದ ಒಂದು ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಮೊಬೈಲಿನ ಒಂದು ರೋಲ್ ಪ್ಲೇಯಿಂಗ್ ಗೇಮ್‌ಗೆ ಹಳ್ಳಿಯ ಟ್ಯೂನ್ ಮಾಡಿದೆ. ನಲವತ್ತನೇ ಸೆಕೆಂಡಿನಲ್ಲಿ ಎತ್ತರದ ಗಂಟೆಯ ಒಂದು ಎಳೆ ಇತ್ತು. ಸ್ಟುಡಿಯೋದಲ್ಲಿ ಕೇಳಿದವರೆಲ್ಲ ಅದನ್ನೇ ಮೆಚ್ಚಿದರು. ಆಡಿ ಪರೀಕ್ಷೆ ಮಾಡುವವರಿಗೆ ಕೊಟ್ಟೆವು. ಎರಡನೇ ದಿನಕ್ಕೆ ಹೆಚ್ಚಿನವರು ಸದ್ದು ಬಂದ್ ಮಾಡಿ ಆಡುತ್ತಿದ್ದರು. ಕಾರಣ ಆ ಗಂಟೆ. ಕಿವಿ ಇಡೀ ಟ್ಯೂನನ್ನು ಎಣಿಸುವುದಿಲ್ಲ, ಎದ್ದು ಕಾಣುವ ಒಂದೇ ಒಂದು ಸದ್ದನ್ನು ಹಿಡಿದುಕೊಳ್ಳುತ್ತದೆ. ಅದು ಮತ್ತೆ ಬಂದಾಗ “ಓ, ಮತ್ತೆ ಶುರು” ಅಂತ ಮನಸ್ಸು ಲೆಕ್ಕ ಹಾಕುತ್ತದೆ. ಒಂದು ಸಲ ಲೆಕ್ಕ ಶುರುವಾದರೆ ಟ್ಯೂನ್ ಕಥೆ ಮುಗಿಯಿತು. ಅವತ್ತಿನಿಂದ ನಾನು ಯಾವ ಗೇಮ್ ಕೇಳಿದರೂ ಮೊದಲು ಹುಡುಕುವುದು ಇದನ್ನೇ: ಲೆಕ್ಕ ಯಾವಾಗ ಶುರುವಾಯಿತು? ನೀವೂ ಗಮನಿಸಿ. ಆಡುವಾಗ ಎಲ್ಲಿ ನಿಮ್ಮ ಕೈ ತಾನಾಗಿ ವಾಲ್ಯೂಮ್ ಕಡೆ ಹೋಯಿತು, ಅದನ್ನು ಬರೆದಿಟ್ಟುಕೊಳ್ಳಿ. ಅದಕ್ಕಿಂತ ಪ್ರಾಮಾಣಿಕವಾದ ವಿಮರ್ಶೆ ಇಲ್ಲ.

ಈಗ ನಿಮ್ಮ ಗೇಮ್‌ನಲ್ಲೇ ಮರುಕಳಿಕೆ ಏನು ಕೆಲಸ ಮಾಡುತ್ತದೆ ನೋಡಿ. ಶುರುವಿನಲ್ಲಿ ಹಿಮದ ಮೇಲೆ ಮೂರು ಯಂತ್ರಗಳು ನಡೆಯುತ್ತವೆ, ಹೆಸರುಗಳು ಬರುತ್ತವೆ. ಅಲ್ಲಿ ನುಡಿಯುವುದು ನಾಯಕಿ ಟೆರಾಳ ಥೀಮ್, ಅಂದರೆ ಅವಳ ಗುರುತಿನ ಟ್ಯೂನ್. ಆಮೇಲೆ ಅದೇ ಟ್ಯೂನ್ ಜಗತ್ತಿನ ನಕ್ಷೆಯ ಮೇಲೆ ನಡೆಯುವಾಗ ಬರುತ್ತದೆ. ಗಂಟೆಗಟ್ಟಲೆ ಕೇಳುತ್ತೀರಿ. ಎಷ್ಟು ಕೇಳುತ್ತೀರಿ ಅಂದರೆ, ಅದು ಟ್ಯೂನ್ ಅನ್ನುವುದೇ ಮರೆತುಹೋಗಿ ಆ ಜಗತ್ತಿನ ಗಾಳಿಯಂತೆ ಆಗಿಬಿಡುತ್ತದೆ. ಅಷ್ಟರಲ್ಲಿ ನಡುಗತೆಯಲ್ಲಿ ಜಗತ್ತು ಒಡೆಯುತ್ತದೆ. ಒಂದು ವರ್ಷ ಕಳೆದು, ಒಂಟಿ ದ್ವೀಪದಲ್ಲಿ ಇನ್ನೊಬ್ಬ ನಾಯಕಿ ಸೆಲೆಸ್ ಕಣ್ಣು ಬಿಡುತ್ತಾಳೆ. ಅವಳನ್ನು ಕರೆದುಕೊಂಡು ಹೊರಬಂದು ನಕ್ಷೆಯ ಮೇಲೆ ಕಾಲಿಟ್ಟರೆ ಆ ಗಾಳಿ ಇಲ್ಲ. ಅದರ ಜಾಗದಲ್ಲಿ ‘ಡಾರ್ಕ್ ವರ್ಲ್ಡ್’, ಮಸುಕಾದ, ಎಲ್ಲಿಗೂ ಹೋಗದ ಸಂಗೀತ. ಯಾರೂ ನಿಮಗೆ “ಎಲ್ಲ ಹಾಳಾಯಿತು” ಅಂತ ಹೇಳಬೇಕಿಲ್ಲ.

ಆಮೇಲೆ ಹಾರುವ ಹಡಗು ನಡೆಸುವ ಸೆಟ್ಜರ್ ತನ್ನ ಗೆಳತಿ ಡ್ಯಾರಿಲ್‌ಳ ಸಮಾಧಿಯೊಳಗೆ ನಿಮ್ಮನ್ನು ಇಳಿಸುತ್ತಾನೆ. ಕೆಳಗೆ ಅವಳ ಹಾರುವ ಹಡಗು ಫಾಲ್ಕನ್ ಇದೆ. ಮೆಟ್ಟಿಲಿಳಿಯುವಾಗ ಸೆಟ್ಜರ್‌ನ ಟ್ಯೂನೇ ನಿಧಾನವಾಗಿ, ಬೇರೆ ಬಣ್ಣದಲ್ಲಿ ಬರುತ್ತದೆ. ಹಡಗು ಮೇಲೇಳುತ್ತದೆ. ಆಗ ‘ಸರ್ಚಿಂಗ್ ಫಾರ್ ಫ್ರೆಂಡ್ಸ್’ ಶುರುವಾಗುತ್ತದೆ. ಅಲ್ಲಿಂದ ಮುಂದೆ ಹಾರುವಾಗಷ್ಟೇ ಅಲ್ಲ, ನೆಲದ ಮೇಲೆ ನಡೆಯುವಾಗಲೂ ಅದೇ. ಜಗತ್ತು ಸರಿಹೋಗಿಲ್ಲ. ನೆಲ ಅದೇ ಕಂದು ಬಣ್ಣದಲ್ಲಿದೆ. ಬದಲಾದದ್ದು ಸಂಗೀತ ಒಂದೇ. ಆದರೂ ನಿಮ್ಮ ಬೆನ್ನು ನೆಟ್ಟಗಾಗುತ್ತದೆ. ನಿಮಗೆ ಕಣ್ಣು ತುಂಬಿದ ಎರಡು ಜಾಗ ಯಾವುವು ಅಂತ ನೀವು ಬರೆದಿಲ್ಲ. ಒಂದು ಇದೇ ಇರಬೇಕು ಅಂತ ನನ್ನ ಊಹೆ.

ಬಸ್ಸಿನಲ್ಲಿ ಈ ಮೂರು ಟ್ರ್ಯಾಕ್ ಒಂದರ ಹಿಂದೆ ಒಂದು ಹತ್ತು ನಿಮಿಷದಲ್ಲಿ ಮುಗಿಯುತ್ತವೆ. ಗೇಮ್‌ನಲ್ಲಿ ಅವುಗಳ ನಡುವೆ ಹಲವು ದಿನಗಳಿದ್ದವು. ‘ಡಾರ್ಕ್ ವರ್ಲ್ಡ್’ ಬೋರ್ ಅನ್ನಿಸಿದ್ದು ಸಹಜ. ಇಯರ್‌ಫೋನಿನಲ್ಲಿ ನೀವು ಏನನ್ನೂ ಕಳೆದುಕೊಂಡಿರಲಿಲ್ಲ.

ಇನ್ನೊಂದು ಜಾಗ ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ. ಸೇನೆಯಲ್ಲಿದ್ದ ಸೆಲೆಸ್ ಗಾಯಕಿ ಮರಿಯಾಳ ವೇಷ ಹಾಕಿ ವೇದಿಕೆ ಹತ್ತುತ್ತಾಳೆ. ಸಾಲುಗಳನ್ನು ನೀವೇ ನೆನಪಿಟ್ಟು ಆರಿಸಬೇಕು. 1994ರ ಚಿಪ್‌ಗೆ ಹಾಡು ಹಾಡಿಸುವ ಶಕ್ತಿ ಇರಲಿಲ್ಲ. ಹಾಗಾಗಿ ಮನುಷ್ಯರ ದನಿಯಂಥ ಒಂದು ವಾದ್ಯ ಮಟ್ಟನ್ನು ನುಡಿಸುತ್ತದೆ, ಸಾಹಿತ್ಯ ಪರದೆಯ ಮೇಲೆ ಬರುತ್ತದೆ. ಓದುವವರು ಮನಸ್ಸಿನಲ್ಲೇ ಹಾಡಿಕೊಳ್ಳುತ್ತಾರೆ. ಪಿಕ್ಸೆಲ್ ರೀಮಾಸ್ಟರ್‌ನಲ್ಲಿ ನಿಜವಾದ ಗಾಯಕರು ಹಾಡಿದ್ದಾರೆ, ಬೇರೆ ಬೇರೆ ಭಾಷೆಗಳಲ್ಲಿ. ಅವಳು ಒಂಟಿಯಾಗಿ ಹಾಡುವ ಈ ಹಾಡಿನ (ಆರಿಯಾ) ಮಟ್ಟೇ ಸೆಲೆಸ್‌ಳ ಥೀಮ್ ಕೂಡ. ಅವಳು ಬೇರೊಬ್ಬಳಂತೆ ನಟಿಸುತ್ತಾ ಹಾಡಿದ್ದು ತನ್ನದೇ ಹಾಡು. ಇದು ಗೊತ್ತಾದ ಮೇಲೆ ಮತ್ತೊಮ್ಮೆ ಆ ದೃಶ್ಯ ನೋಡಿ.

ಹಾಗಾದರೆ ಹಳೆಯ ಸದ್ದೋ ಹೊಸದೋ? ನಿಮ್ಮ ಸ್ವಿಚ್ ಆವೃತ್ತಿಯ ಸೆಟ್ಟಿಂಗ್‌ನಲ್ಲಿ ಎರಡನ್ನೂ ಅದಲುಬದಲು ಮಾಡಬಹುದು. ಹೊಸ ವಾದ್ಯಮೇಳ ಉಯೆಮಾತ್ಸು ಅವರ ಮೇಲುಸ್ತುವಾರಿಯಲ್ಲೇ ಆದದ್ದು. ಹಾಗಾಗಿ ಅದನ್ನು ನಕಲು ಅನ್ನಲಾಗದು. ಆದರೆ “ನಿಜವಾದ ಪಿಟೀಲು ಇದೆ, ಆದ್ದರಿಂದ ಮೇಲು” ಅನ್ನುವ ಲೆಕ್ಕ ತಪ್ಪು. ಆಗ ಎಂಟೇ ದನಿ ಇದ್ದಾಗ ಪ್ರತಿ ದನಿಗೂ ಒಂದು ಕೆಲಸವಿತ್ತು, ಎಲ್ಲ ಬಿಡಿಬಿಡಿಯಾಗಿ ಕೇಳುತ್ತಿತ್ತು. ಮೇಳ ದೊಡ್ಡದಾದಾಗ ಬೆಚ್ಚಗಿನ ತುಂಬು ಬರುತ್ತದೆ, ಅಂಚು ಕೆಲವೊಮ್ಮೆ ಮೊಂಡಾಗುತ್ತದೆ. ಒಪೆರಾ ನನಗೆ ಹೊಸದರಲ್ಲಿ ಇಷ್ಟ. ‘ಡಾರ್ಕ್ ವರ್ಲ್ಡ್’ ಮಾತ್ರ ಹಳೆಯದರಲ್ಲೇ ಕೇಳುತ್ತೇನೆ. ಆ ಸಣ್ಣ ಚಿಪ್‌ನ ತೆಳುವಾದ ಆರ್ಗನ್‌ನಲ್ಲಿ ಒಂದು ಚಳಿ ಇದೆ. ನೀವು ಬೇರೆ ಆರಿಸಬಹುದು. ಒಂದನ್ನೇ ಕೇಳಿ ಇನ್ನೊಂದರ ಬಗ್ಗೆ ಮಾತಾಡಬೇಡಿ, ಅಷ್ಟೇ.

ಅದೇ ಸೆಟ್ಟಿಂಗ್‌ನಲ್ಲಿ ಇನ್ನೊಂದು ಸಂಗತಿ ಇದೆ, ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ದಾರಿಯಲ್ಲಿ ಥಟ್ಟನೆ ಬರುವ ಕಾಳಗಗಳನ್ನು ಆ ಆವೃತ್ತಿಯಲ್ಲಿ ಬಂದ್ ಮಾಡಿಡಬಹುದು. ಹಾಗೆ ಆಡಿದ್ದರೆ ನೀವು ಕೇಳಿದ ಸಂಗೀತವೇ ಬೇರೆ. ಕಾಳಗ ಇದ್ದಾಗ ನಕ್ಷೆಯ ಟ್ಯೂನ್ ಮತ್ತೆ ಮತ್ತೆ ಮುರಿಯುತ್ತದೆ. ಕಾಳಗದ ಟ್ಯೂನ್ ಪ್ರತಿ ಸಲ ಮೊದಲಿನಿಂದ ಶುರುವಾಗುತ್ತದೆ. ಚಿಕ್ಕ ಕಾಳಗ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಅಂದರೆ ಆ ಟ್ಯೂನಿನ ಮೊದಲ ಇಪ್ಪತ್ತು ಮೂವತ್ತು ಸೆಕೆಂಡನ್ನು ನೂರಾರು ಸಲ ಕೇಳುತ್ತೀರಿ, ಕೊನೆಯನ್ನು ಅಪರೂಪಕ್ಕೆ. ಹಾಗಾಗಿ ಕಾಳಗದ ಟ್ಯೂನಿನ ಗುಣ ಅದರ ಬಾಗಿಲಲ್ಲೇ ಇರಬೇಕು. ನೀವು ಯಾವ ರೀತಿಯಲ್ಲಿ ಆಡಿದಿರಿ ಅನ್ನುವುದನ್ನು ಬಳಗದ ಮುಂದೆ ಮೊದಲೇ ಹೇಳಿಬಿಡಿ.

ಪಾಶ್ಚಾತ್ಯ ಸಂಗೀತ ಗೊತ್ತಿಲ್ಲ ಅನ್ನುವ ಅಳುಕು ಬಿಡಿ. ಉಯೆಮಾತ್ಸು ಸ್ವತಃ ಶಾಲೆಯಲ್ಲಿ ಸಂಗೀತ ಕಲಿತವರಲ್ಲ, ತಾವೇ ನುಡಿಸಿ ನುಡಿಸಿ ಕಲಿತವರು. ಜೂನಿಯರ್ ಮಾಡಿದ ನಿಮಗೆ ಮಟ್ಟನ್ನು ಹಿಡಿಯುವ ಕಿವಿ ಇದೆ. ಅದೇ ಮಟ್ಟು ವೇಷ ಬದಲಿಸಿ ಬಂದರೂ ಗುರುತಿಸುತ್ತೀರಿ. ಎಡ್ಗರ್ ಮತ್ತು ಸಾಬಿನ್ ಅಣ್ಣತಮ್ಮಂದಿರ ಗತ್ತಿನ ಟ್ಯೂನ್ ನಾಣ್ಯ ಚಿಮ್ಮುವ ನೆನಪಿನ ದೃಶ್ಯದಲ್ಲಿ ಹೇಗೆ ಮೆತ್ತಗಾಗುತ್ತದೆ, ಲಾಕ್‌ನ ಹುರುಪಿನ ಟ್ಯೂನ್ ಅವನ ಪ್ರೇಯಸಿ ರೇಚಲ್ ನೆನಪಾದಾಗ ಹೇಗೆ ಕುಗ್ಗುತ್ತದೆ, ಹಾಡಿ ನೋಡಿ.

ನಿಮಗೆ ತಪ್ಪಿಹೋಗಬಹುದಾದದ್ದು ಒಂದಿದೆ. ನಮ್ಮ ಸಂಗೀತದಲ್ಲಿ ಶ್ರುತಿ ಕದಲುವುದಿಲ್ಲ. ಷಡ್ಜ ನೆಲದ ಹಾಗೆ ಕೆಳಗೆ ಇದ್ದೇ ಇರುತ್ತದೆ, ಮೇಲೆ ಸ್ವರ ಓಡಾಡುತ್ತದೆ. ಇಲ್ಲಿ ನೆಲವೇ ಕದಲುತ್ತದೆ. ಒಂದೇ ಸ್ವರ ಮೇಲೆ ನಿಂತಿರುವಾಗ ಕೆಳಗಿನ ಬೇಸ್ ಜಾರಿದರೆ ಆ ಸ್ವರದ ಭಾವವೇ ಬದಲಾಗುತ್ತದೆ. ಒಂದು ಪ್ರಯೋಗ ಮಾಡಿ. ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿ, ಟೆರಾಳ ಥೀಮ್‌ನ ಮೂಲಸ್ವರಕ್ಕೆ ಶ್ರುತಿ ಕೂಡಿಸಿ, ಎರಡನ್ನೂ ಒಟ್ಟಿಗೆ ನುಡಿಸಿ. ಎಲ್ಲಿ ತಂಬೂರಿ ಒಗ್ಗದೆ ಕಿರಿಕಿರಿ ಮಾಡುತ್ತದೋ ಅಲ್ಲಿ ನೆಲ ಸರಿಯಿತು ಅಂತ ಅರ್ಥ. ಎರಡು ಸಂಜೆ ಹೀಗೆ ಕೇಳಿದರೆ ಕಿವಿ ತಾನಾಗಿ ಕೆಳಗಿನ ದನಿಯನ್ನು ಹಿಂಬಾಲಿಸತೊಡಗುತ್ತದೆ. ನನ್ನ ಕೈಕೆಳಗೆ ಕೆಲಸ ಕಲಿತ, ಕರ್ನಾಟಕ ಸಂಗೀತದ ಹಿನ್ನೆಲೆಯ ಹುಡುಗರಿಗೆಲ್ಲ ನಾನು ಮೊದಲ ವಾರ ಮಾಡಿಸುವುದು ಇದನ್ನೇ.

ಇನ್ನು ತಯಾರಿ ಹೇಗೆ ಅನ್ನುವುದು. ಪೂರ್ತಿ ಮತ್ತೆ ಆಡಬಹುದು. ಒಳ್ಳೆಯದೇ, ಆದರೆ ಮೂವತ್ತೈದು ನಲವತ್ತು ಗಂಟೆ ಬೇಕು. ಎರಡನೇ ಸಲ ಅಚ್ಚರಿ ಇರುವುದಿಲ್ಲ, ಕಿವಿ ಕಥೆಗಿಂತ ಮುಂದೆ ಓಡುತ್ತದೆ. ಆಲ್ಬಂ ಮಾತ್ರ ಕೇಳಬಹುದು. ಮೂರು ಸಿಡಿ, 61 ಟ್ರ್ಯಾಕ್. ಹಾಗೆ ಕೇಳಿದರೆ ಕೊನೆಯ ಕಾಳಗದ ‘ಡ್ಯಾನ್ಸಿಂಗ್ ಮ್ಯಾಡ್’ ನಿಮಗೆ ಸುಮಾರು 17 ನಿಮಿಷದ, ನಾಲ್ಕು ಭಾಗದ ಒಂದು ಕೃತಿಯಾಗಿ ಕೇಳುತ್ತದೆ. ಗೇಮ್‌ನಲ್ಲಿ ಅದರ ಉದ್ದ ನಿಮ್ಮ ಕೈಯಲ್ಲಿತ್ತು. ಒಂದು ಹಂತದ ಶತ್ರು ಬೀಳುವವರೆಗೆ ಆ ಭಾಗ ಸುತ್ತುತ್ತದೆ, ಬಿದ್ದರೆ ಮುಂದಿನದು. ಪಳಗಿದವರು ಆರ್ಗನ್ ಭಾಗವನ್ನು ಅರೆಬರೆ ಕೇಳಿ ದಾಟಿಬಿಡುತ್ತಾರೆ. ಹೆಣಗಾಡಿದವರಿಗೆ ಅದು ಮುಗಿಯುವುದೇ ಇಲ್ಲ. ಇದು ಆಲ್ಬಂನಲ್ಲಿ ಸಿಗುವುದಿಲ್ಲ. ಇತರರು ಆಡುವ ವಿಡಿಯೋ ನೋಡುವುದು ಮೂರನೇ ದಾರಿ. ಅವರ ಮಾತು, ನಗು ಸಂಗೀತದ ಮೇಲೆ ಬೀಳುತ್ತದೆ, ಸೋಲುವ ಭಯವೂ ಅವರದೇ. ನಾನಾಗಿದ್ದರೆ ಐದಾರು ಜಾಗದಲ್ಲಿ ಆಟ ಉಳಿಸಿಟ್ಟ ಸೇವ್ ಫೈಲ್ ಹಿಡಿದು ಪ್ರತಿಯೊಂದನ್ನೂ ಒಂದೊಂದು ಗಂಟೆ ಆಡುತ್ತಿದ್ದೆ, ಹತ್ತು ನಿಮಿಷ ಸದ್ದು ಪೂರ್ತಿ ಬಂದ್ ಮಾಡಿಯೂ ಆಡುತ್ತಿದ್ದೆ. ಸದ್ದಿಲ್ಲದಾಗ ಏನು ಕಾಣೆಯಾಯಿತು ಅಂತ ಹೇಳುವುದು ಸುಲಭ.

ಹತ್ತಕ್ಕೆ ಎಷ್ಟು ಅಂತ ಕೇಳಿದಿರಿ. ನಾನು ಅಂಕ ಕೊಡುವುದಿಲ್ಲ. ಅಂಕ ಹೇಳಿದ ಕೂಡಲೇ ಬಳಗದವರು “ಎಂಟೋ ಒಂಬತ್ತೋ” ಅಂತ ಶುರುಮಾಡುತ್ತಾರೆ, ಸಂಗೀತದ ಮಾತು ಅಲ್ಲಿಗೆ ನಿಲ್ಲುತ್ತದೆ. ಕೊಡಲೇಬೇಕು ಅಂದರೆ ಕೊನೆಯಲ್ಲಿ ಕೊಡಿ, ಕೊರತೆಯನ್ನೂ ಜೊತೆಗೆ ಹೇಳಿ. ಕೊರತೆ ಇದೆ. ಹದಿನಾಲ್ಕು ಪಾತ್ರಗಳಲ್ಲಿ ಎಲ್ಲರ ಥೀಮ್‌ಗೂ ಬೆಳೆಯಲು ಜಾಗ ಸಿಕ್ಕಿಲ್ಲ. ಗೋಗೋ, ಉಮಾರೋ ಟ್ಯೂನ್ ಬಂದು ಹೋದದ್ದೇ ಗೊತ್ತಾಗುವುದಿಲ್ಲ. ಹಲವು ಊರುಗಳಿಗೆ ಒಂದೇ ಟ್ಯೂನ್ ಹಂಚಿದ್ದಾರೆ, ಒಂದು ಊರು ಇನ್ನೊಂದರಿಂದ ಬೇರೆಯಾಗಿ ನೆನಪಿನಲ್ಲಿ ಉಳಿಯುವುದಿಲ್ಲ. ಇದನ್ನು ನೀವೇ ಮೊದಲು ಹೇಳಿದರೆ ನಿಮ್ಮ ಗೆಳೆಯರೂ ಕಿವಿಗೊಟ್ಟು ಕೇಳುತ್ತಾರೆ.

ಕೊನೆಗೊಂದು. ಸಭೆಗೆ ಫೋನಿನ ಸ್ಪೀಕರ್ ಬೇಡ, ಅದರಲ್ಲಿ ಬೇಸ್ ಕೇಳುವುದೇ ಇಲ್ಲ. ಸ್ವಿಚ್ ಅನ್ನು ಟಿವಿಗೆ ಹಾಕಿ. ಡ್ಯಾರಿಲ್‌ಳ ಸಮಾಧಿಗೆ ಇಳಿಯುವ ಮೊದಲಿನ ಸೇವ್ ಫೈಲ್ ಇದ್ದರೆ ಅದನ್ನು ತೆರೆಯಿರಿ. ಕಂದು ನೆಲದ ಮೇಲೆ ಐದು ನಿಮಿಷ ಸುಮ್ನೆ ನಡೆಯಿರಿ, ಏನೂ ಹೇಳಬೇಡಿ. ಆಮೇಲೆ ಕಂಟ್ರೋಲರ್ ಅನ್ನು ಆ ಗೆಳೆಯನ ಕೈಗೆ ಕೊಟ್ಟು ಒಳಗೆ ಇಳಿಸಿ. ಹಡಗು ಏಳುವಾಗ ಅವನ ಕೈಯಲ್ಲೇ ಇರಲಿ.